ಅನುಪಾತವೊಂದೇ ಸಾಲದು

ನ್ಯೂಟ್ರಾನು ಹೆಚ್ಚಿದ್ದಷ್ಟೂ ಪರಮಾಣು ಬೀಜಗಳ ಸಮ್ಮಿಲನ ಸಲೀಸು ಎಂಬ ಮಾತು ಭಾರ ಅಯಾನುಗಳ ಭೌತವಿಜ್ಞಾನದಲ್ಲಿ ಹೆಚ್ಚುಕಡಿಮೆ ಗಾದೆಯಾಗಿಬಿಟ್ಟಿದೆ. ಇದು ಪೂರ್ತಿ ಸುಳ್ಳಲ್ಲ. ಪ್ರೋಟಾನುಗಳು ಪರಸ್ಪರ ದೂಡುತ್ತವೆ, ನ್ಯೂಟ್ರಾನಿಗೆ ಆ ತಂಟೆಯಿಲ್ಲ. ನ್ಯೂಟ್ರಾನುಗಳು ಹೆಚ್ಚಿದಂತೆ ಬೀಜದ ಹರವು ಹಿಗ್ಗಿ, ಸೆಳೆತ ದೂರದಿಂದಲೇ ಶುರುವಾಗಿ, ಆ ದೂಡುವಿಕೆ ಒಡ್ಡುವ ಕೂಲಂಬ್ ತಡೆ ತುಸು ತಗ್ಗುತ್ತದೆ. ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ.

ಗಾದೆಯ ಮಿತಿ 1980ರಲ್ಲೇ ಬಯಲಾಗಿತ್ತು. ಅಮೆರಿಕದಲ್ಲಿ ಬೆಕರ್‌ಮನ್ ಮತ್ತು ಸಂಗಡಿಗರು ನಿಕಲ್-58 ಮತ್ತು ನಿಕಲ್-64ರ ಮೂರೂ ಜೋಡಿಗಳನ್ನು ಡಿಕ್ಕಿ ಹೊಡೆಸಿ ನೋಡಿದರು. ಎರಡರಲ್ಲೂ ಪ್ರೋಟಾನು 28. ನ್ಯೂಟ್ರಾನು ಒಂದರಲ್ಲಿ 30, ಇನ್ನೊಂದರಲ್ಲಿ 36. ನ್ಯೂಟ್ರಾನು–ಪ್ರೋಟಾನು ಅನುಪಾತವೇ ಎಲ್ಲವೂ ಆಗಿದ್ದರೆ 64–64 ಜೋಡಿ ಎಲ್ಲದರಲ್ಲೂ ಮುಂದಿರಬೇಕಿತ್ತು. ಆದರೆ ಶಕ್ತಿಯನ್ನು ತಡೆಗಿಂತ ಕೆಳಕ್ಕೆ ಇಳಿಸುತ್ತ ಹೋದಾಗ ಸಮ್ಮಿಲನ ಎಲ್ಲಕ್ಕಿಂತ ನಿಧಾನವಾಗಿ ಕುಗ್ಗಿದ್ದು ನಡುವಿನ 58–64 ಜೋಡಿಯಲ್ಲಿ. ಅಲ್ಲಿ ಒಂದು ಬೀಜಕ್ಕೆ ನ್ಯೂಟ್ರಾನಿನ ಕೊರತೆ, ಇನ್ನೊಂದಕ್ಕೆ ಉಳಿತಾಯ. ಎರಡು ನ್ಯೂಟ್ರಾನು ಕೈಬದಲಾದರೆ ಸುಮಾರು 3.9 ಎಂಇವಿ (ಮೆಗಾ ಎಲೆಕ್ಟ್ರಾನ್ ವೋಲ್ಟ್) ಶಕ್ತಿ ಲಾಭ. ಅಂದರೆ ಒಟ್ಟು ಎಷ್ಟಿದೆ ಎಂಬುದರ ಜೊತೆಗೆ ಇಬ್ಬರ ನಡುವೆ ಎಷ್ಟು ಅಂತರವಿದೆ ಎಂಬುದನ್ನೂ ಕೇಳಬೇಕು.

ದೆಹಲಿಯ ಅಂತರ್ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಸಿಲಿಕಾನ್-28ನ್ನು ಜಿರ್ಕೋನಿಯಂ-90 ಮತ್ತು 94ರ ಮೇಲೆ ಹಾಯಿಸಿದ ಪ್ರಯೋಗ ಇದೇ ಹಾದಿಯದು. 2010ರಲ್ಲಿ ಪ್ರಕಟವಾದ ಆ ಅಳತೆಯಲ್ಲಿ, ನ್ಯೂಟ್ರಾನಿನ ವರ್ಗಾವಣೆ ಲಾಭಕರವಾಗಿದ್ದ 94ರ ಜೊತೆಗೆ ತಡೆಯ ಕೆಳಗಿನ ಸಮ್ಮಿಲನ ಗಮನಾರ್ಹವಾಗಿ ಹೆಚ್ಚಿತು. ಆದರೆ ಮರುವರ್ಷವೇ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಿಂದ ತಣ್ಣೀರು ಬಿತ್ತು. ತವರ-132ನ್ನು ನಿಕಲ್‌ನ ಎರಡು ಐಸೊಟೋಪ್‌ಗಳೊಡನೆ ಬೆಸೆದಾಗ, ವರ್ಗಾವಣೆಯ ಲಾಭದಲ್ಲಿ ಬಹಳ ವ್ಯತ್ಯಾಸವಿದ್ದರೂ, ಬೀಜಗಳ ಗಾತ್ರ ಮತ್ತು ತಡೆಯ ವ್ಯತ್ಯಾಸವನ್ನು ಕಳೆದು ನೋಡಿದರೆ ಸಮ್ಮಿಲನದಲ್ಲಿ ಅಷ್ಟು ಅಂತರ ಕಾಣಲಿಲ್ಲ. ಹಳೆಯ ಗಾದೆಗೆ ಬದಲಾಗಿ ಬಂದ, ವರ್ಗಾವಣೆಯ ಲಾಭವೇ ಎಲ್ಲ ಎಂಬ ಹೊಸ ಗಾದೆಯೂ ಎಲ್ಲ ಕಡೆ ನಡೆಯದು.

ಈ ಹಿನ್ನೆಲೆಯಲ್ಲಿ ನಮ್ಮ ಕೋಲಾರದ ಕೆಲಸವನ್ನು ನೋಡಬೇಕು. ಅಲ್ಲಿನ ಸರ್ಕಾರಿ ಮಹಿಳಾ ಕಾಲೇಜಿನ ಎಚ್.ಸಿ. ಮಂಜುನಾಥ ಮತ್ತು ಸಹ ಲೇಖಕರು 2018ರಲ್ಲಿ 'ಫಿಸಿಕಲ್ ರಿವ್ಯೂ ಸಿ' ಪತ್ರಿಕೆಯಲ್ಲಿ ಬೀಜಗಳನ್ನು ಬೆಸೆದು 122ನೇ ಮೂಲಧಾತುವನ್ನು ಸೃಷ್ಟಿಸುವ ಕುರಿತು ಲೆಕ್ಕಾಚಾರ ಪ್ರಕಟಿಸಿದರು. ವೇಗವರ್ಧಕವಿಲ್ಲದ ಜಿಲ್ಲಾ ಕೇಂದ್ರದ ಕಾಲೇಜೊಂದು ಇಂಥ ಪ್ರಶ್ನೆಗೆ ಕೈಹಾಕಿದ್ದಕ್ಕೆ ಮೆಚ್ಚುಗೆ ಸಲ್ಲಲೇಬೇಕು.

ಆದರೆ ಈ ಬಗೆಯ ಲೆಕ್ಕಗಳನ್ನು, ಅವು ಕೋಲಾರದಿಂದ ಬರಲಿ ರಷ್ಯಾದ ಡುಬ್ನಾದಿಂದ ಬರಲಿ, ಎಚ್ಚರದಿಂದ ಓದಬೇಕು. ಇಲ್ಲಿ ಮೂರು ಸಂಭಾವ್ಯತೆಗಳ ಗುಣಾಕಾರವಿದೆ: ಬೀಜಗಳು ಹತ್ತಿರ ಬಂದು ಅಂಟುವುದು, ಬೆರೆತು ಒಂದಾಗುವುದು, ಒಂದಾದದ್ದು ಸೀಳದೆ ಉಳಿಯುವುದು. ನಡುವಿನದರ ಅಂದಾಜು ಮಾದರಿಯಿಂದ ಮಾದರಿಗೆ ಹತ್ತು, ನೂರು ಪಟ್ಟು ಬದಲಾಗಬಲ್ಲದು. ಕೊನೆಯದು ವಿದಳನದ ತಡೆಯಲ್ಲಿ ಒಂದು ಎಂಇವಿ ತಪ್ಪಿದರೂ ಬುಡಮೇಲಾಗುತ್ತದೆ.

ನ್ಯೂಟ್ರಾನಿನ ಬಡತನ ಕಾಡುವುದೂ ಇಲ್ಲಿಯೇ. ಡುಬ್ನಾದಲ್ಲಿ 118ನೇ ಧಾತುವನ್ನು ಕೊಟ್ಟದ್ದು ಕ್ಯಾಲ್ಸಿಯಂ-48. ಅದರ ಅನುಪಾತ 1.4. ಕ್ಯಾಲ್ಸಿಯಂನಿಂದ 122ಕ್ಕೆ ಹೋಗಲು 102 ಪ್ರೋಟಾನುಗಳ ನೊಬೆಲಿಯಂ ಗುರಿ ಬೇಕು, ಅದು ಸಾಧ್ಯವಿಲ್ಲ. ಕ್ರೋಮಿಯಂ-54ಕ್ಕೆ ಹೋದರೆ ಅನುಪಾತ 1.25ಕ್ಕೆ ಕುಸಿಯುತ್ತದೆ, ದೂಡುವ ಬಲ ಏರುತ್ತದೆ. ಕ್ರೋಮಿಯಂ-54 ಮತ್ತು ಕಬ್ಬಿಣ-58ನ್ನು ಬಳಸಿ 120ನೇ ಧಾತುವಿಗಾಗಿ ಜರ್ಮನಿ, ರಷ್ಯಾಗಳಲ್ಲಿ ನಡೆದ ಹುಡುಕಾಟ ಬರಿಗೈಯಲ್ಲಿ ಮುಗಿಯಿತು. 2024ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದವರು ಟೈಟೇನಿಯಂ-50ರಿಂದ 116ನೇ ಧಾತು ಲಿವರ್‌ಮೋರಿಯಂ ಮಾಡಿ ತೋರಿಸಿದರು, ನಿಜ. 22 ದಿನಗಳ ಡಿಕ್ಕಿಗೆ ಸಿಕ್ಕದ್ದು ಎರಡು ಪರಮಾಣು.

ನ್ಯೂಟ್ರಾನು–ಪ್ರೋಟಾನು ಅನುಪಾತ ಒಳ್ಳೆಯ ದಿಕ್ಸೂಚಿ, ಆದರೆ ಅದು ವಿವರಣೆಯಲ್ಲ. ಅಧಿಭಾರ ಧಾತುಗಳ ಲೆಕ್ಕ ಮಾಡುವವರು ಪ್ರತಿ ಅಂಕಿಯ ಪಕ್ಕದಲ್ಲೂ ಅದರ ಅನಿಶ್ಚಿತತೆಯನ್ನು ನಮೂದಿಸಲಿ, ತಮ್ಮ ಸೂತ್ರವನ್ನು ಮೊದಲು ನಿಕಲ್, ಜಿರ್ಕೋನಿಯಂ, ತವರದಂಥ ಅಳೆದು ಮುಗಿದ ಜೋಡಿಗಳ ಮೇಲೆ ಒರೆಗೆ ಹಚ್ಚಲಿ. ಅಲ್ಲಿ ಗೆದ್ದ ಸೂತ್ರಕ್ಕಷ್ಟೇ 122ರ ಬಗ್ಗೆ ಮಾತನಾಡುವ ಹಕ್ಕು.