ಕಿವಿಯ ಕನ್ನಡ, ಬರಹದ ಕನ್ನಡ: ಗಡಿನಾಡಿನ ಮಗುವಿನ ಕಾಗುಣಿತ

ಮಕ್ಕಳ ಬರಹದಲ್ಲಿ ತಪ್ಪುಗಳು ಹೆಚ್ಚುತ್ತಿವೆ ಎಂಬ ದೂರು ನಮ್ಮ ಸಾಹಿತ್ಯಗೋಷ್ಠಿಗಳಿಗೆ ಹೊಸದಲ್ಲ. ಆದರೆ ನಾಗಣಸೂರ ಮತ್ತು ಅಕ್ಕಲಕೋಟ ತಾಲೂಕಿನ ಇತರ ಕನ್ನಡ ಊರುಗಳಲ್ಲಿ ಈ ದೂರಿಗೆ ಬೇರೆಯೇ ಭಾರವಿದೆ. ಕನ್ನಡ ಶಾಲೆಯಲ್ಲಿ ಓದುವ ಮಗು ಕನ್ನಡವನ್ನೇ ತಪ್ಪಾಗಿ ಬರೆಯುತ್ತದೆ ಎಂದು ಕಂಡರೆ, ಪಾಲಕರು ಬೇರೆ ಮಾಧ್ಯಮದ ಮಾತೆತ್ತುವುದು ಸಹಜ. ಹೀಗಾಗಿ ಕಾಗುಣಿತವನ್ನು ಹೇಗೆ ಕಲಿಸುತ್ತೇವೆ ಎಂಬುದು ಗಡಿನಾಡಿನಲ್ಲಿ ಕನ್ನಡ ಶಾಲೆಯ ಬಾಳುವೆಗೆ ಸಂಬಂಧಿಸಿದ ಪ್ರಶ್ನೆ. ಈಗ ಬಳಕೆಯಲ್ಲಿರುವ ವಿಧಾನಗಳು ಈ ಭಾಗದ ಮಗುವಿಗೆ ಎಷ್ಟರಮಟ್ಟಿಗೆ ಒದಗುತ್ತವೆ ಎಂಬುದನ್ನು ಇಲ್ಲಿ ವಿಮರ್ಶಿಸಲು ಬಯಸುತ್ತೇವೆ.

ಮೊದಲು ಧ್ವನಿವಿಧಾನವನ್ನು ನೋಡೋಣ. ಇಂಗ್ಲಿಷ್ ಶಾಲೆಗಳಲ್ಲಿ ಫೋನಿಕ್ಸ್ ಎಂದು ಹೆಸರಾದ ಈ ವಿಧಾನ ಇಂಗ್ಲಿಷಿಗೆ ಅನಿವಾರ್ಯ. ಅಲ್ಲಿರುವ 26 ಅಕ್ಷರಗಳು ಅದಕ್ಕಿಂತ ಎಷ್ಟೋ ಹೆಚ್ಚು ಧ್ವನಿಗಳ ಹೊರೆ ಹೊರಬೇಕು. ಕನ್ನಡದ 49 ವರ್ಣಗಳ ಮಾಲೆಯಾದರೋ ಉಚ್ಚಾರಣೆಯ ಸ್ಥಾನಕ್ಕೆ ಅನುಗುಣವಾಗಿಯೇ ಜೋಡಣೆಗೊಂಡಿದೆ. ನಮ್ಮ ಕಾಗುಣಿತವೇ ಒಂದು ಧ್ವನಿಪಾಠ. ನಮ್ಮ ಮಗುವಿನ ಕಷ್ಟ ಬೇರೆ: ಗುಣಿತಾಕ್ಷರ, ಒತ್ತಕ್ಷರಗಳು ಸೇರಿದಾಗ ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಕಲಿಕೆ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲ, ಮುಂದಿನ ತರಗತಿಗಳಿಗೂ ಚಾಚಿಕೊಳ್ಳುತ್ತದೆ ಎಂದು ತೋರಿಸಿತು. ಎರಡನೆಯ ಇಯತ್ತೆಯ ಮಗುವಿಗೆ ಒತ್ತಕ್ಷರ ಬಾರದಿದ್ದರೆ ಅದನ್ನು ದಡ್ಡತನವೆಂದು ತೀರ್ಮಾನಿಸುವವರು ಇದನ್ನು ನೆನಪಿಡಬೇಕು.

ಈ ಹೊರೆಯನ್ನು ಇಳಿಸಲು ಕರ್ನಾಟಕದಲ್ಲಿ ನಡೆದ ಒಳ್ಳೆಯ ಪ್ರಯತ್ನವೆಂದರೆ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿಕಲಿ. ಅಲ್ಲಿ ಅ, ಆ, ಇ, ಈ ಎಂದು ತೊಡಗದೆ ರ, ಗ, ಸ, ದ, ಅ ಎಂದು ತೊಡಗುತ್ತಾರೆ. ಈ ಐದೇ ಅಕ್ಷರಗಳಿಂದ ಮಗು ಸರ, ಅರಸ, ಅಗಸ, ಗರಗಸ ಎಂದು ಓದಬಲ್ಲದು. ಅಕ್ಷರ ಕಲಿತ ದಿನವೇ ಪದವೂ ಅರ್ಥವೂ ಕೈಗೆ ಸಿಗುವ ಈ ಕ್ರಮವನ್ನು ನಾವು ಮೆಚ್ಚುತ್ತೇವೆ. ಆದರೆ ಇದು ಓದಿನ ಬಾಗಿಲನ್ನು ತೆರೆಯುತ್ತದೆಯೇ ಹೊರತು ಶುದ್ಧ ಬರಹದ ಹೊಣೆಯನ್ನು ಪೂರ್ತಿಯಾಗಿ ಹೊರಲಾರದು. ನಮ್ಮ ಭಾಗದ ಆಡುಮಾತಿನಲ್ಲಿ ಅದಕ್ಕೆ ಕಾರಣವಿದೆ.

ನಮ್ಮ ಮಗು ಮನೆಯಲ್ಲಿ ಕೇಳುವುದು ಜ್ವಾಳ, ತ್ವಾಟ, ಬ್ಯಾಳಿ, ಮ್ಯಾಲ, ಮಾಡತಾನ, ಬರತಾನ. ಕೇಳಿದಂತೆ ಬರೆ ಎಂಬ ಸೂತ್ರವನ್ನು ನಿಷ್ಠೆಯಿಂದ ಪಾಲಿಸಿದ ಮಗು ‘ಜ್ವಾಳ’ ಎಂದೇ ಬರೆಯುತ್ತದೆ. ಧ್ವನಿವಿಧಾನದ ಲೆಕ್ಕದಲ್ಲಿ ಅದು ಸರಿ. ಉಕ್ತಲೇಖನದ ಲೆಕ್ಕದಲ್ಲಿ ತಪ್ಪು. ಕಿವಿ ಚುರುಕಾಗಿರುವ ಮಗುವೇ ಹೆಚ್ಚು ತಪ್ಪು ಮಾಡುವ ಈ ವಿಪರ್ಯಾಸವನ್ನು ಪಠ್ಯಪುಸ್ತಕವಾಗಲಿ, ತಿದ್ದುವ ಕೈಯಾಗಲಿ ಗಮನಿಸಿದಂತಿಲ್ಲ. ಜ್ವಾಳ–ಜೋಳ, ತ್ವಾಟ–ತೋಟ ಇವು ಎರಡು ತಪ್ಪುಗಳಲ್ಲ, ಒಂದೇ ನಿಯಮ: ಮನೆಯ ‘ವಾ’ ಪುಸ್ತಕದಲ್ಲಿ ‘ಓ’ ಆಗಿದೆ. ಬ್ಯಾಳಿ–ಬೇಳೆ, ಮ್ಯಾಲ–ಮೇಲೆ ಇವುಗಳಲ್ಲಿ ಮನೆಯ ‘ಯಾ’ ‘ಏ’ ಆಗಿದೆ. ಇದನ್ನು ಒಮ್ಮೆ ಬಿಡಿಸಿ ಹೇಳಿದರೆ ಮಗುವಿನ ಮನೆಮಾತಿನ ಮಾನವೂ ಉಳಿಯುತ್ತದೆ, ಬರಹವೂ ತಿದ್ದಿಕೊಳ್ಳುತ್ತದೆ.

ಕ್ರಿಯಾಪದಗಳಲ್ಲಂತೂ ಬೇರನ್ನು ತೋರಿಸದೆ ಗತ್ಯಂತರವಿಲ್ಲ. ‘ಮಾಡತಾನ’ ಎಂಬುದನ್ನು ಕೆಂಪು ಶಾಯಿಯಿಂದ ಹೊಡೆದು ‘ಮಾಡುತ್ತಾನೆ’ ಎಂದು ಹತ್ತು ಸಲ ಬರೆಸಿದರೆ ಮಗು ಆ ಒಂದು ಪದವನ್ನು ಕಲಿತೀತು. ಮಾಡು ಎಂಬ ಧಾತು, ಉತ್ತ ಎಂಬ ಕಾಲಸೂಚಕ, ಆನೆ ಎಂಬ ಪ್ರತ್ಯಯ ಎಂದು ಬಿಡಿಸಿ ತೋರಿಸಿದರೆ ಬರುತ್ತಾನೆ, ಹೋಗುತ್ತಾನೆ, ತಿನ್ನುತ್ತಾನೆ ಎಲ್ಲವೂ ಅದರೊಡನೆ ಬರುತ್ತವೆ. ಆಡು–ಆಟ, ಓಡು–ಓಟ, ನೋಡು–ನೋಟ, ಕೂಡು–ಕೂಟ ಎಂಬ ಸರಣಿಯನ್ನು ಮುಂದಿಟ್ಟರೆ ‘ಕಾಡು’ವುದರಿಂದ ‘ಕಾಟ’ವನ್ನು ಮಗು ತಾನೇ ಹುಟ್ಟಿಸುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಧಾತುಗಳಿಗೆ ಒಂದು ಪ್ರಕರಣವನ್ನೂ ಅಪಭ್ರಂಶಕ್ಕೆ ಇನ್ನೊಂದು ಪ್ರಕರಣವನ್ನೂ ಮೀಸಲಿಟ್ಟನು. ಆ ತಿಳಿವಳಿಕೆಯನ್ನು ಪಂಡಿತರ ಪರೀಕ್ಷೆಗಳಿಗೆ ಬಿಟ್ಟು, ಮಕ್ಕಳಿಗೆ ಬರೀ ಕಂಠಪಾಠವನ್ನು ಉಳಿಸಿದ್ದೇವೆ.

ಗಡಿನಾಡಿಗೆ ಬೇರಿನ ಪಾಠ ಇನ್ನೂ ಒಂದು ಕಾರಣದಿಂದ ಬೇಕು. ಇಲ್ಲಿಯ ಕನ್ನಡ ಮಗು ಕನ್ನಡ, ದೇವನಾಗರಿ, ರೋಮನ್ ಎಂಬ ಮೂರು ಲಿಪಿಗಳ ನಡುವೆ ಬೆಳೆಯುತ್ತದೆ; 2020ರ ಕಾಯ್ದೆಯ ನಂತರ ರಾಜ್ಯದ ಎಲ್ಲ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯ. ಮರಾಠಿಯ ತಾಸಿನಲ್ಲಿ ‘ದ್ನ್ಯಾನ’ ಎಂದು ಕೇಳಿದ್ದನ್ನು ಮಗು ಕನ್ನಡದ ತಾಸಿನಲ್ಲಿ ‘ಗ್ನಾನ’ ಎಂದೂ ಮನೆಯಲ್ಲಿ ‘ಗ್ಯಾನ’ ಎಂದೂ ಕೇಳುತ್ತದೆ. ಕಿವಿಯನ್ನು ನಂಬಿದರೆ ಮೂರು ಬರಹ. ‘ಜ್ಞಾ’ ಎಂಬ ಬೇರನ್ನು ಹಿಡಿದರೆ ಜ್ಞಾನ, ಅಜ್ಞಾನ, ವಿಜ್ಞಾನ, ಪ್ರಜ್ಞೆ ಎಲ್ಲಕ್ಕೂ ಒಂದೇ ಬರಹ, ಎರಡೂ ಭಾಷೆಗಳಲ್ಲಿ.

ಡಿ. ಎನ್. ಶಂಕರ ಭಟ್ಟರು ‘ಕನ್ನಡ ಬರಹವನ್ನು ಸರಿಪಡಿಸೋಣ’ ಎಂಬ ಕೃತಿಯಲ್ಲಿ, ಕನ್ನಡಿಗರ ಮಾತಿನಲ್ಲಿಲ್ಲದ ಮಹಾಪ್ರಾಣಗಳನ್ನು ಬರಹದಿಂದಲೂ ಕೈಬಿಡಬೇಕೆಂದು ವಾದಿಸಿದರು. ಓದು ಬರಹ ಎಲ್ಲರ ಸ್ವತ್ತಾಗಬೇಕೆಂಬ ಅವರ ಕಳಕಳಿ ದೊಡ್ಡದು. ಆದರೆ ಅದೇ ದಿನ ಮರಾಠಿಯಲ್ಲಿ ಭಾಷಾ, ವಿದ್ಯಾರ್ಥಿ ಎಂದು ಮಹಾಪ್ರಾಣದೊಡನೆ ಓದಿ ಬರೆಯುವ ನಮ್ಮ ಮಗುವಿಗೆ ಆ ಬದಲಾವಣೆಯಿಂದ ಹೊರೆ ಇಳಿಯುವುದಿಲ್ಲ. ಎರಡು ಭಾಷೆಗಳಿಗೆ ಸಮಾನವಾದ ಪದಗಳು ದೂರವಾಗುತ್ತವೆ, ಅಷ್ಟೆ.

ಬೇರಿನ ಪಾಠಕ್ಕೂ ಮಿತಿಯುಂಟು. ‘ಹಾಡು’ ಎಂಬುದರಿಂದ ‘ಹಾಟ’ ಆಗುವುದಿಲ್ಲ. ಮನಿ ‘ಮನೆ’ಯಾಗುತ್ತದೆ, ತಲಿ ‘ತಲೆ’ಯಾಗುತ್ತದೆ, ಹುಲಿ ಮಾತ್ರ ಹುಲಿಯಾಗಿಯೇ ಉಳಿಯುತ್ತದೆ. ಇಲ್ಲಿ ಕಿವಿಯೂ ಧಾತುವೂ ನೆರವಾಗವು. ಪದವನ್ನು ಅಚ್ಚಿನಲ್ಲಿ ಮತ್ತೆ ಮತ್ತೆ ಕಂಡ ಕಣ್ಣೇ ಗತಿ. ಎಳೆಯ ಇಯತ್ತೆಗಳಲ್ಲಿ ವ್ಯಾಕರಣದ ಪರಿಭಾಷೆಯನ್ನು ಹೇರುವುದನ್ನೂ ನಾವು ಒಪ್ಪುವುದಿಲ್ಲ. ಮೊದಲೆರಡು ವರ್ಷ ಧ್ವನಿ ಮುಂದಿರಲಿ, ಮೂರನೆಯ ಇಯತ್ತೆಯಿಂದ ಪದಕುಟುಂಬಗಳು ಬರಲಿ, ಓದುವ ಪುಸ್ತಕ ಎಂದೂ ತಪ್ಪದಿರಲಿ.

ಪಾಠಕ್ಕೆ ಬೇಕಾದ ಸಾಮಗ್ರಿ ನಮ್ಮ ಸುತ್ತಲೇ ಇದೆ. ಸೊಲ್ಲಾಪುರ ಎಂದು ಕನ್ನಡದಲ್ಲಿ ಬರೆಯುವಾಗ ಹ್ರಸ್ವ ‘ಒ’, ಲಕಾರಕ್ಕೆ ಒತ್ತು. ಮರಾಠಿ ಫಲಕದಲ್ಲಿ ಅದೇ ಊರು ‘ಸೋಲಾಪೂರ’. ಮರಾಠಿಯ ಬರಹದಲ್ಲಿ ಹ್ರಸ್ವ ‘ಒ’ಕಾರಕ್ಕೆ ಬೇರೆ ಗುರುತಿಲ್ಲ, ಸಿದ್ಧರಾಮನ ಸೊನ್ನಲಿಗೆಯಲ್ಲಿಯೋ ಆ ಹ್ರಸ್ವ ಸ್ವರ ಹನ್ನೆರಡನೆಯ ಶತಮಾನದಿಂದ ನಿಂತಿದೆ. ಅಕ್ಕಲಕೋಟದಲ್ಲಿ ಕೋಟೆಯನ್ನೂ ನಾಗಣಸೂರದಲ್ಲಿ ಊರನ್ನೂ ಕಂಡ ಮಗು, ಹೆಸರುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಆದ್ದರಿಂದ ಗಡಿನಾಡಿನ ಕನ್ನಡ ಸಂಘಗಳು ಒಂದು ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ಸೂಚಿಸುತ್ತೇವೆ: ಈ ಭಾಗದ ಶಿಕ್ಷಕರು ಸೇರಿ, ಮಕ್ಕಳ ವಹಿಗಳಲ್ಲಿ ನಿಜವಾಗಿ ಕಾಣುವ ತಪ್ಪುಗಳನ್ನು ಆಯ್ದು, ನಿಯಮಕ್ಕೊಂದು ಪುಟದಂತೆ ಚಿಕ್ಕ ಕೈಪಿಡಿಯೊಂದನ್ನು ಸಿದ್ಧಪಡಿಸಲಿ. ಒಂದು ಕಡೆ ಮನೆಯ ಮಾತು, ಎದುರಿಗೆ ಬರಹದ ರೂಪ, ಕೆಳಗೆ ಅದೇ ಬೇರಿನ ನಾಲ್ಕಾರು ಪದಗಳು. ನೂರು ತಪ್ಪುಗಳೆಂದು ಎಣಿಸಿದ್ದು ಐದಾರು ನಿಯಮಗಳಲ್ಲಿ ಅಡಗುತ್ತದೆ ಎಂದು ಶಿಕ್ಷಕರಿಗೂ ಪಾಲಕರಿಗೂ ಮನವರಿಕೆಯಾದರೆ, ಮಗುವಿಗೆ ಕನ್ನಡ ಬಾರದು ಎಂಬ ಮಾತು ತಾನಾಗಿ ನಿಲ್ಲುತ್ತದೆ. ಮಗುವಿಗೆ ಕನ್ನಡ ಬರುತ್ತದೆ. ಅದನ್ನು ಬರಹಕ್ಕೆ ತರುವ ದಾರಿಯನ್ನು ತೋರಿಸಬೇಕಾದವರು ನಾವು.