ಬಣ್ಣ ಉಳಿಯಿತು, ಖಾರ ಹೋಯಿತು: ಮಾರಿಯೋ ಎಂಬ ವೇಷದ ನಲವತ್ತು ವರ್ಷ

ಮಾರಿಯೋನ ಮೀಸೆ ಹುಟ್ಟಿದ್ದು ಬಡತನದಿಂದ. 1981ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ‘ಡಾಂಕಿ ಕಾಂಗ್’ ಎಂಬ ಆಟಕ್ಕೆ ಒಬ್ಬ ನಾಯಕನನ್ನು ಬರೆಯಲು ಕೂತಾಗ ಅವರಿಗಿದ್ದದ್ದು ಅಗಲಕ್ಕೆ 16, ಎತ್ತರಕ್ಕೆ 16 ಚುಕ್ಕಿಗಳ ಜಾಗ, ಬೆರಳೆಣಿಕೆಯ ಬಣ್ಣ. ಹಬ್ಬದ ದಿನ ನಮ್ಮ ಅಂಗಳದ ರಂಗೋಲಿಗೂ ಕೆಲವೊಮ್ಮೆ ಇದಕ್ಕಿಂತ ಹೆಚ್ಚು ಚುಕ್ಕಿ ಇಡುತ್ತಾರೆ. ಅಷ್ಟು ಸಣ್ಣ ಜಾಗದಲ್ಲಿ ಬಾಯಿ ಬರೆದರೆ ಮೂಗು ಕಾಣುವುದಿಲ್ಲ, ಅದಕ್ಕೆ ದಪ್ಪ ಮೂಗು, ಅದರ ಕೆಳಗೊಂದು ಮೀಸೆ. ಜಿಗಿದಾಗ ಕೂದಲು ಹಾರುವುದನ್ನು ತೋರಿಸುವುದು ಕಷ್ಟ, ಅದಕ್ಕೆ ಟೋಪಿ. ಕೈ ಬೀಸಿದ್ದು ಗೊತ್ತಾಗಬೇಕಾದರೆ ತೋಳಿನ ಬಣ್ಣ ಮೈಯ ಬಣ್ಣಕ್ಕಿಂತ ಬೇರೆ ಇರಬೇಕು, ಅದಕ್ಕೆ ಹೆಗಲ ಪಟ್ಟಿಯ ಕೆಲಸಗಾರರ ಉಡುಪು. ಅವನಿಗೆ ಆಗ ಹೆಸರೂ ಇರಲಿಲ್ಲ. ಜಿಗಿಯುವವನಾದ್ದರಿಂದ ಜಂಪ್‌ಮ್ಯಾನ್ ಎಂದು ಕರೆದರು. ಅಮೆರಿಕದಲ್ಲಿ ಕಂಪನಿಗೆ ಗೋದಾಮು ಬಾಡಿಗೆ ಕೊಟ್ಟಿದ್ದ ಮಾರಿಯೋ ಸೆಗಾಲಿ ಎಂಬವರ ಹೆಸರು ಆಮೇಲೆ ಅಂಟಿಕೊಂಡಿತು.

ದೊಡ್ಡಾಟ ನೋಡಿ ಬೆಳೆದವರಿಗೆ ಈ ಕಥೆಯಲ್ಲಿ ಆಶ್ಚರ್ಯವೇನೂ ಇಲ್ಲ. ದೀವಟಿಗೆಯ ಮಂಕು ಬೆಳಕಿನಲ್ಲಿ, ಬಯಲಿನ ಕೊನೆಯಲ್ಲಿ ಕೂತ ಮುದುಕಿಗೂ ಬಂದವನು ಭೀಮನೋ ಅರ್ಜುನನೋ ತಿಳಿಯಬೇಕು. ಅದಕ್ಕೆ ಢಾಳಾದ ಬಣ್ಣ, ದೊಡ್ಡ ಕಿರೀಟ, ಭುಜಕೀರ್ತಿ. ಮುಂದೆ ಊರಿಗೆ ಕರೆಂಟು ಬಂತು, ಮೈಕು ಬಂತು. ಬಣ್ಣ ತಿಳಿಯಾಗಲಿಲ್ಲ, ಕಿರೀಟ ಸಣ್ಣದಾಗಲಿಲ್ಲ. ಕೊರತೆಯಿಂದ ಹುಟ್ಟಿದ ಗುರುತು ಕೊರತೆ ಹೋದ ಮೇಲೂ ಉಳಿದರೆ ಅದನ್ನು ನಾವು ವೇಷ ಎನ್ನುತ್ತೇವೆ. ಇವತ್ತಿನ ಯಂತ್ರಗಳು ಮಾರಿಯೋನ ಟೋಪಿಯ ನೂಲಿನ ಎಳೆಯನ್ನೂ ತೋರಿಸಬಲ್ಲವು. ಆದರೂ ಅವನಿಗೆ ಅದೇ ಮೂಗು, ಅದೇ ಮೀಸೆ.

ಮಾರಿಯೋನ ಬೆಳವಣಿಗೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದು ಏಣಿ ಹಾಕುತ್ತಾರೆ: ಚುಕ್ಕಿಯಿಂದ ಚಿತ್ರಕ್ಕೆ, ಚಿತ್ರದಿಂದ ಮೂರು ಆಯಾಮಕ್ಕೆ, ಅಲ್ಲಿಂದ ಸಿನಿಮಾಕ್ಕೆ. ಈ ಏಣಿಯಲ್ಲಿ ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಮೇಲೇ ಇರುತ್ತದೆ. ದೊಡ್ಡಾಟದ ಸಾರಥಿಯ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಏಣಿಯ ಮೇಲೆ ಅನುಮಾನ. ಮಾರಿಯೋನನ್ನು ಪಾತ್ರ ಎಂದು ಓದಿದರೆ ಅವನು ಬೆಳೆದೇ ಇಲ್ಲ. ವೇಷ ಎಂದು ಓದಿದರೆ ಮಾತ್ರ ಏನು ಬದಲಾಯಿತು, ಏನು ಕಳೆಯಿತು ಎಂದು ಕೇಳಲು ದಾರಿಯಾಗುತ್ತದೆ.

ಮೊದಲ ಮೂರು ವರ್ಷಗಳನ್ನೇ ನೋಡಿ. ಮಿಯಾಮೊಟೊ ಮೊದಲು ಪೊಪಾಯ್‌ನ ಮೇಲೆ ಆಟ ಕಟ್ಟಬೇಕೆಂದಿದ್ದರು. ಹಕ್ಕು ಸಿಗದೆ ಹೋದಾಗ ಆ ತ್ರಿಕೋನದ ಜಾಗಕ್ಕೆ ಗೊರಿಲ್ಲ, ಬಡಗಿ, ಒಬ್ಬ ಹೆಣ್ಣುಮಗಳು ಬಂದರು. ಕಟ್ಟುತ್ತಿರುವ ಕಟ್ಟಡದ ಉಕ್ಕಿನ ತೊಲೆಗಳ ಮೇಲೆ ಬಡಗಿ ಏಣಿ ಹತ್ತುತ್ತಾನೆ, ಮೇಲಿನಿಂದ ಪೀಪಾಯಿ ಉರುಳಿ ಬರುತ್ತವೆ. 1982ರ ‘ಡಾಂಕಿ ಕಾಂಗ್ ಜೂನಿಯರ್’ನಲ್ಲಿ ಲೆಕ್ಕ ತಿರುಗಿಬೀಳುತ್ತದೆ. ಗೊರಿಲ್ಲವನ್ನು ಪಂಜರದಲ್ಲಿ ಹಾಕಿದವನು ಮಾರಿಯೋ, ತಂದೆಯನ್ನು ಬಿಡಿಸಲು ಬರುವವನು ಗೊರಿಲ್ಲದ ಮಗ, ಆಡುವವನು ಮಗನ ಪಕ್ಷ. 1983ರ ‘ಮಾರಿಯೋ ಬ್ರದರ್ಸ್’ನಲ್ಲಿ ಅವನು ತಮ್ಮ ಲೂಯಿಜಿಯ ಜೊತೆ ನೆಲದಡಿಯ ಕೊಳವೆಗಳ ನಡುವೆ ಇರುವ ನಲ್ಲಿ ಕೆಲಸದವನು. ಈ ಮೂರು ಆಟಗಳ ಮಾರಿಯೋಗೆ ಕಸುಬಿದೆ, ಹಗೆಯಿದೆ, ಕ್ರೌರ್ಯವೂ ಇದೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನಮಗೆ ಜಾಗವಿತ್ತು. ಮುಂದೆ ಆ ಜಾಗ ತಿರುಗಿ ಸಿಗಲಿಲ್ಲ.

1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಇಡೀ ಸರಣಿಯ ಬುನಾದಿ. ಮೇಲಕ್ಕೆ ಹತ್ತುತ್ತಿದ್ದವನು ಇಲ್ಲಿ ಬಲಕ್ಕೆ ಓಡತೊಡಗಿದ. ಒಮ್ಮೆ ದಾಟಿದ ನೆಲಕ್ಕೆ ಹಿಂದಿರುಗಲು ಆಟ ಬಿಡುವುದಿಲ್ಲ. ಎಂಟು ಲೋಕ, ಲೋಕಕ್ಕೆ ನಾಲ್ಕು ಹಂತ, ಇಷ್ಟೆಲ್ಲ ಸುಮಾರು 40 ಕಿಲೋಬೈಟಿನೊಳಗೆ. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರ ಇದಕ್ಕಿಂತ ಭಾರವಾಗಿರುತ್ತದೆ. ಜಾಗ ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕಾರ ಬಳಸಿದರು, ಬಣ್ಣ ಮಾತ್ರ ಬೇರೆ. ಜಿಪುಣತನದಿಂದ ಇಲ್ಲಿ ಒಂದು ಛಂದಸ್ಸೇ ಹುಟ್ಟಿತು. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಜಿಗಿತ ಎತ್ತರ, ಓಡಿ ಬಂದರೆ ಇನ್ನೂ ಉದ್ದ, ಗಾಳಿಯಲ್ಲಿದ್ದಾಗಲೂ ಸ್ವಲ್ಪ ಹೊರಳಬಹುದು. ಮಾರಿಯೋನ ವ್ಯಕ್ತಿತ್ವ ಎಂದು ನಾವು ಕರೆಯುವುದೆಲ್ಲ ಈ ಜಿಗಿತದಲ್ಲಿದೆ. ದೊಡ್ಡಾಟದ ವೇಷಧಾರಿ ಬಾಯಿ ತೆರೆಯುವ ಮೊದಲೇ ಹೆಜ್ಜೆಯಲ್ಲಿ ತಾನು ಯಾರೆಂದು ಹೇಳುವಂತೆ.

ರಂಗದ ಹೋಲಿಕೆ ನಾನು ಹೊರಗಿನಿಂದ ತಂದು ಹೇರಿದ್ದಲ್ಲ. 1988ರ ‘ಸೂಪರ್ ಮಾರಿಯೋ ಬ್ರದರ್ಸ್ 3’ ಪರದೆ ಏಳುವುದರಿಂದಲೇ ಶುರುವಾಗುತ್ತದೆ. ಕಟ್ಟೆಗಳಿಗೆ ಮೊಳೆ ಹೊಡೆದಂತಿದೆ, ಹಿಂದಿನ ಬಟ್ಟೆಯ ಮೇಲೆ ವಸ್ತುಗಳ ನೆರಳು ಬೀಳುತ್ತದೆ, ಹಂತ ಮುಗಿದಾಗ ಮಾರಿಯೋ ರಂಗದ ಪಕ್ಕದ ಕತ್ತಲೆಗೆ ಸರಿಯುತ್ತಾನೆ. ಇಡೀ ಆಟ ಒಂದು ನಾಟಕವೇ ಎಂಬ ಆಟಗಾರರ ಊಹೆಯನ್ನು 2015ರಲ್ಲಿ ಮಿಯಾಮೊಟೊ ಹೌದೆಂದರು. ಆ ಆಟದಲ್ಲೇ ಅವನು ಕಪ್ಪೆಯ ವೇಷ ಹಾಕುತ್ತಾನೆ, ಎಲೆಯೊಂದು ಸಿಕ್ಕರೆ ಬಾಲ ಬಂದು ಹಾರುತ್ತಾನೆ, ತಾನುಕಿಯ ವೇಷದಲ್ಲಿ ಕಲ್ಲಿನ ಮೂರ್ತಿಯಾಗಿ ನಿಲ್ಲುತ್ತಾನೆ. ಎಲೆಯ ಸಹಾಯದಿಂದ ರೂಪ ಬದಲಿಸುವ ತಾನುಕಿ ಜಪಾನಿನ ಜನಪದ ಕಥೆಗಳ ಪ್ರಾಣಿ. ಸರಣಿ ತನ್ನ ನೆಲದ ಜಾನಪದವನ್ನು ಇಷ್ಟು ಧೈರ್ಯವಾಗಿ ಮೈಮೇಲೆ ಹೊದ್ದುಕೊಂಡದ್ದು ಇಲ್ಲಿಯೇ. ನನ್ನ ಲೆಕ್ಕದಲ್ಲಿ ಸರಣಿಯ ಅತ್ಯುತ್ತಮ ಕೃತಿ ಇದು.

1996ರ ‘ಸೂಪರ್ ಮಾರಿಯೋ 64’ರಲ್ಲಿ ಅವನಿಗೆ ಬೆನ್ನು ಬಂತು, ನೆರಳು ಬಂತು, ಚಾರ್ಲ್ಸ್ ಮಾರ್ಟಿನೆ ಅವರ ದನಿಯೂ ಬಂತು. ಕಡ್ಡಿಯನ್ನು ಮೆಲ್ಲಗೆ ತಳ್ಳಿದರೆ ತುದಿಗಾಲಲ್ಲಿ ನಡೆಯುತ್ತಾನೆ, ಜೋರಾಗಿ ತಳ್ಳಿದರೆ ಓಡುತ್ತಾನೆ, ಸುಮ್ಮನೆ ಬಿಟ್ಟರೆ ತೂಕಡಿಸಿ ಮಲಗಿಬಿಡುತ್ತಾನೆ. ಈ ಆಟದ ದೊಡ್ಡ ಸಾಧನೆ ಆ ಸ್ವಾತಂತ್ರ್ಯ. ಬಲಕ್ಕೆ ಓಡು ಎಂಬ ಒಂದೇ ಆಜ್ಞೆ ಹೋಗಿ ಎತ್ತ ಬೇಕಾದರೂ ಹೋಗು ಎಂಬ ಅನುಮತಿ ಬಂತು. ಆದರೆ ದನಿಯ ಜೊತೆಗೆ ಒಂದು ಸ್ವಭಾವವೂ ಬಂದು ಕೂತಿತು. ಅದು ಸದಾ ಖುಷಿ. ಮುಂದೆ ಅವನು ಟೆನಿಸ್ ಆಡಲಿ, ಕಾರು ಓಡಿಸಲಿ, ಡಾಕ್ಟರ ಕೋಟು ಹಾಕಲಿ, ಅದೇ ಉತ್ಸಾಹದ ಕೂಗು. 2016ರಲ್ಲಿ ರಿಯೋ ಒಲಿಂಪಿಕ್ಸ್‌ನ ಸಮಾರೋಪಕ್ಕೆ ಜಪಾನಿನ ಪ್ರಧಾನಿ ಶಿಂಜೊ ಅಬೆ ಕೆಂಪು ಟೋಪಿ ಹಾಕಿ ಹಸಿರು ಕೊಳವೆಯಿಂದ ಮೇಲೆ ಬಂದರು. ಗೊರಿಲ್ಲವನ್ನು ಪಂಜರಕ್ಕೆ ಹಾಕಿದವನು ದೇಶದ ಕುಲದೇವರಾಗಿದ್ದ.

ಅವನ ಕಸುಬೂ ಸದ್ದಿಲ್ಲದೆ ಮಸುಕಾಯಿತು. 2017ರಲ್ಲಿ ನಿಂಟೆಂಡೊದ ಜಪಾನೀ ಜಾಲತಾಣದ ಪರಿಚಯದಲ್ಲಿ ಅವನು ಬಹಳ ಹಿಂದೆ ನಲ್ಲಿ ಕೆಲಸ ಮಾಡಿದ್ದನಂತೆ ಎಂಬ ಅರ್ಥದ ಸಾಲು ಕಾಣಿಸಿ ಸುದ್ದಿಯಾಯಿತು. ಆಮೇಲೆ ಅದನ್ನು ತಿದ್ದಿದರು. 2023ರ ಸಿನಿಮಾ ಅವನಿಗೆ ಬ್ರೂಕ್ಲಿನ್ನಿನಲ್ಲಿ ನಲ್ಲಿ ರಿಪೇರಿಯ ಧಂದೆ ಮರಳಿ ಕೊಟ್ಟಿತು, ಆದರೆ ಆ ಕೆಲಸ ಅಲ್ಲಿ ತಮಾಷೆಯ ಮುನ್ನುಡಿ ಮಾತ್ರ. ಉಡುಪು ಉಳಿಯಿತು, ದುಡಿಮೆ ಹೋಯಿತು.

ಹಾಗಾದರೆ ಸರಣಿಯಲ್ಲಿ ಯಾರೂ ಬೆಳೆಯಲಿಲ್ಲವೇ? ಬೆಳೆದಿದ್ದಾರೆ. ಅವರು ಮಾರಿಯೋ ಅಲ್ಲ. 1981ರಲ್ಲಿ ಕಟ್ಟಡದ ತುದಿಯಲ್ಲಿ ಕೂಗುತ್ತಿದ್ದ ಹೆಣ್ಣಿಗೆ ಹೆಸರೂ ಇರಲಿಲ್ಲ. ‘ಲೇಡಿ’ ಎಂದಷ್ಟೇ ಕರೆದರು, ಪಾಲೀನ್ ಎಂಬ ಹೆಸರು ಆಮೇಲೆ ಬಂತು. 2017ರ ‘ಸೂಪರ್ ಮಾರಿಯೋ ಒಡಿಸ್ಸಿ’ಯಲ್ಲಿ ಅದೇ ಪಾಲೀನ್ ಒಂದು ಮಹಾನಗರದ ಮೇಯರ್. ಊರ ಹಬ್ಬಕ್ಕೆ ವಾದ್ಯದವರನ್ನು ಕೂಡಿಸಿ ತಾನೇ ಹಾಡುತ್ತಾಳೆ, ಆ ಹಾಡಿನ ಹಿಮ್ಮೇಳದಲ್ಲಿ ಮಾರಿಯೋ ಮತ್ತೆ ಚಪ್ಪಟೆ ಚುಕ್ಕಿಗಳಾಗಿ ಹಳೆಯ ತೊಲೆಗಳನ್ನು ಹತ್ತುತ್ತಾನೆ. ಅವಳಿಗೆ ನೆನಪಿದೆ, ಅವನಿಗೆ ಓಟ ಮಾತ್ರ. ಎಂಟು ಕೋಟೆ ದಾಟಿದರೆ ಕೊನೆಗೆ ಸಿಗುತ್ತಿದ್ದ ರಾಜಕುಮಾರಿ ಪೀಚ್ ಕೂಡ ಈ ಆಟದ ಕೊನೆಯಲ್ಲಿ ಬೌಸರ್ ಮತ್ತು ಮಾರಿಯೋ ಇಬ್ಬರೂ ಒಡ್ಡಿದ ಹೂವನ್ನು ಬೇಡವೆನ್ನುತ್ತಾಳೆ. ಆಮೇಲೆ ತಾನೇ ಲೋಕ ಸುತ್ತಲು ಹೊರಡುತ್ತಾಳೆ. 2024ರಲ್ಲಿ ಅವಳದೇ ಹೆಸರಿನ ಆಟ ಬಂತು. ಅದು ನಡೆಯುವುದು ನಾಟಕ ಮಂದಿರದಲ್ಲಿ, ಪ್ರತಿ ನಾಟಕಕ್ಕೂ ಅವಳಿಗೊಂದು ವೇಷ. ಮೂವತ್ತಾರು ವರ್ಷದ ಹಿಂದೆ ಮಾರಿಯೋಗೆ ಎದ್ದ ಪರದೆ ಈಗ ಅವಳಿಗೆ ಎದ್ದಿದೆ.

‘ಒಡಿಸ್ಸಿ’ಯಲ್ಲಿ ಮಾರಿಯೋಗೆ ಸಿಕ್ಕ ಹೊಸ ವಿದ್ಯೆಗೆ ಕನ್ನಡದಲ್ಲಿ ಸಿದ್ಧವಾದ ಹೆಸರಿದೆ: ಪರಕಾಯ ಪ್ರವೇಶ. ಟೋಪಿ ಎಸೆದರೆ ಅದು ತಾಗಿದ ಕಪ್ಪೆಯೊಳಗೆ, ಡೈನೋಸಾರಿನೊಳಗೆ, ಶತ್ರುವಿನೊಳಗೆ ಅವನು ಸೇರಿಕೊಳ್ಳುತ್ತಾನೆ. ಆಗ ಕಪ್ಪೆಗೂ ಕೆಂಪು ಟೋಪಿ, ಮೀಸೆ ಮೂಡುತ್ತವೆ. ನಮ್ಮ ಕಥೆಗಳಲ್ಲಿ ಇನ್ನೊಬ್ಬರ ದೇಹ ಹೊಕ್ಕವನು ಅವರ ಹಸಿವು, ಮೋಹ, ಸಂಕಟಗಳಿಗೂ ಸಿಕ್ಕಿಬೀಳುವ ಅಪಾಯವಿರುತ್ತದೆ. ಮಾರಿಯೋಗೆ ಆ ಅಪಾಯವಿಲ್ಲ. ಅವನು ಎಲ್ಲರನ್ನೂ ತನ್ನಂತೆ ಮಾಡುತ್ತಾನೆ, ತಾನು ಯಾರಂತೆಯೂ ಆಗುವುದಿಲ್ಲ. ಲಾಂಛನದ ಸ್ವಭಾವವನ್ನು ಇಷ್ಟು ನಿಖರವಾಗಿ ಹೇಳುವ ಚಿತ್ರ ಬೇರೊಂದಿಲ್ಲ.

ಇಷ್ಟು ಹೇಳಿದ ಮೇಲೆ ಏಣಿಯ ಇನ್ನೊಂದು ದೋಷವನ್ನೂ ಹೇಳಬೇಕು. ಮೇಲಿನ ಇಸವಿಗಳೆಲ್ಲ ಕಂಪನಿಯ ಇಸವಿಗಳು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಓಣಿಗಳಲ್ಲಿ ಮಾರಿಯೋ ಬೇರೆ ಪಂಚಾಂಗದಲ್ಲಿ ಬೆಳೆದ. ನಾನು ಮೂರನೇ ಇಯತ್ತೆಯಲ್ಲಿದ್ದಾಗ, ಅಂದರೆ ‘64’ ಬಂದು ಹತ್ತು ವರ್ಷ ಕಳೆದ ಮೇಲೆ, ನಮ್ಮ ಟೀವಿಯಲ್ಲಿ ಓಡುತ್ತಿದ್ದವನು 1985ರ ಮಾರಿಯೋ. ನಕಲಿ ಟೀವಿ ಗೇಮು, ಹಳದಿ ಕ್ಯಾಸೆಟ್ಟು, ಮೇಲೆ 9999 ಆಟ ಎಂಬ ಬರಹ. ಒಳಗಿದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು ಆಟ, ಅವೇ ತಿರುತಿರುಗಿ. ಕೆಲವು ನಂಬರು ಒತ್ತಿದರೆ ಮಾರಿಯೋ ಮೊದಲ ಲೋಕ ಬಿಟ್ಟು ನೇರ ನೀರೊಳಗೆ ಬಿದ್ದು ಶುರುವಾಗುತ್ತಿದ್ದ. ನಮ್ಮ ಓಣಿಯಲ್ಲಿ ಅವನು ‘ಮಾರ್ಯಾ’. ಮಾರ್ಯಾ ಸತ್ತಾಗ ಕೈ ಬದಲಾಗುತ್ತಿತ್ತು. ಅವನ ನಂತರದ ರೂಪಗಳು ನಮಗೆ ಬಂದದ್ದು ಮೊಬೈಲಿನಲ್ಲಿ, ಯೂಟ್ಯೂಬಿನಲ್ಲಿ, ಕ್ರಮ ತಪ್ಪಿ, ಚೂರುಚೂರಾಗಿ.

ಜಾನಪದ ವಿಶ್ವವಿದ್ಯಾಲಯವನ್ನೇ ಮಡಿಲಲ್ಲಿ ಇಟ್ಟುಕೊಂಡ ಜಿಲ್ಲೆ ನಮ್ಮದು. ಇಲ್ಲಿ ಇಂಥದ್ದಕ್ಕೆ ನಕಲು ಎಂಬುದಕ್ಕಿಂತ ಒಳ್ಳೆಯ ಮಾತಿದೆ: ಪಾಠಾಂತರ. ಒಂದೇ ಪ್ರಸಂಗವನ್ನು ಒಂದೂರಿನ ಮೇಳ ಮದುವೆಯಿಂದ ಶುರುಮಾಡಿದರೆ ಇನ್ನೊಂದೂರಿನದು ಯುದ್ಧದಿಂದ ಶುರುಮಾಡುತ್ತದೆ. ಆ ಹಳದಿ ಕ್ಯಾಸೆಟ್ಟುಗಳನ್ನು ಕಾನೂನು ಏನೇ ಕರೆಯಲಿ, ಸರಣಿಯ ಚರಿತ್ರೆ ಬರೆಯುವವರು ಅವನ್ನು ಬಿಟ್ಟು ಬರೆದರೆ ಅದು ಕಂಪನಿಯ ಚರಿತ್ರೆ ಆಗುತ್ತದೆಯೇ ಹೊರತು ಆಡಿದವರ ಚರಿತ್ರೆ ಆಗುವುದಿಲ್ಲ.

ಹಾಗೆಂದು ಮಾರಿಯೋ ನಮ್ಮ ಜನಪದ ನಾಯಕನಾದ ಎಂದು ಸಂಭ್ರಮಿಸಲೂ ನನಗೆ ಮನಸ್ಸಿಲ್ಲ. ತೊಗಲುಗೊಂಬೆಯ ಕಿಳ್ಳೇಕ್ಯಾತನನ್ನು ಪಕ್ಕಕ್ಕೆ ಇಟ್ಟು ನೋಡಿ. ಅವನೂ ಪ್ರಸಂಗ ಯಾವುದಾದರೂ ಬರುವವನೇ. ರಾಮಾಯಣಕ್ಕೂ ಬರುತ್ತಾನೆ, ಮಹಾಭಾರತಕ್ಕೂ ಬರುತ್ತಾನೆ, ಜೊತೆಗೆ ಬಂಗಾರಕ್ಕ. ಅವನಿಗೂ ಬದಲಾಗದ ರೂಪ, ಬದಲಾಗದ ಸ್ವಭಾವ. ಆದರೆ ಅವನ ನಾಲಗೆ ಪ್ರತಿ ಊರಲ್ಲೂ ಹೊಸದು. ಮುಂದಿನ ಸಾಲಿನಲ್ಲಿ ಕೂತ ಗೌಡರನ್ನೂ ಅವನು ಕೆಣಕಬಲ್ಲ. ದೊಡ್ಡಾಟದ ಸಾರಥಿಯೂ ಹಾಗೆಯೇ. ರಂಗಕ್ಕೆ ಬಂದ ರಾಜನನ್ನೇ ನೀನು ಯಾರು, ಎಲ್ಲಿಂದ ಬಂದೆ ಎಂದು ನಿಲ್ಲಿಸಿ ಕೇಳುವ ಅಧಿಕಾರ ಅವನಿಗಿದೆ. ಮಾರಿಯೋ ಯಾರನ್ನೂ ಏನನ್ನೂ ಕೇಳುವುದಿಲ್ಲ. ಯಾರಿಗೂ ಬೇಸರವಾಗಬಾರದು ಎಂಬುದೇ ಅವನ ಧರ್ಮ.

ಬ್ಯಾಡಗಿ ಮೆಣಸಿನಕಾಯಿಯ ಹೆಸರುವಾಸಿ ಗುಣ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು. ಅದರ ಬಣ್ಣ ತೆಗೆದು ತುಟಿಗೆ ಹಚ್ಚುವ ರಂಗಿಗೂ ಬಳಸುತ್ತಾರೆ. ಆದರೂ ಬ್ಯಾಡಗಿಯಲ್ಲಿ ಅಷ್ಟಿಷ್ಟು ಖಾರ ಇದ್ದೇ ಇದೆ, ಅದಿಲ್ಲದಿದ್ದರೆ ಅಡುಗೆಮನೆಗೆ ಯಾರೂ ತರುತ್ತಿರಲಿಲ್ಲ. ನಲವತ್ತು ವರ್ಷದಲ್ಲಿ ಮಾರಿಯೋನ ಕೆಂಪು ಇನ್ನಷ್ಟು ಕೆಂಪಾಯಿತು, 1982ರ ಖಾರ ಪೂರ್ತಿ ಹೋಯಿತು. ಜಿಗಿತದ ಸುಖ ಇನ್ನೂ ಇದೆ, ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಮುಂದಿನ ಯಾವುದಾದರೂ ಆಟದಲ್ಲಿ ಪಾಲೀನ್ ಅವನನ್ನು ತಡೆದು, ಆ ಪಂಜರದಲ್ಲಿ ಗೊರಿಲ್ಲವನ್ನು ಹಾಕಿದವನು ನೀನೇ ಅಲ್ಲವೇ ಎಂದು ಸಾರಥಿಯ ಹಾಗೆ ಕೇಳಿದರೆ, ಅವನು ಕೂಗದೆ ಒಂದು ಗಳಿಗೆ ಸುಮ್ಮನೆ ನಿಂತರೆ, ಅವತ್ತು ಅವನು ಬೆಳೆದ ಎಂದು ನಾನು ಬರೆಯುತ್ತೇನೆ.