ಅರಿಯದೆ ಮಾಡಿದ ಪಾಪ: ಕ್ಷಮೆಯ ವಿಧಿ ಮತ್ತು ಹೊಣೆ

ಅರಿಯದೆ ಮಾಡಿದ ತಪ್ಪಿಗೂ ಪರಿಹಾರ ಮಾಡಿಕೊಳ್ಳಬೇಕೆಂಬ ನಿಯಮ ಬೈಬಲಿನ ಯಾಜಕಕಾಂಡದ 4ನೇ ಅಧ್ಯಾಯದಲ್ಲಿದೆ. ಯಾಜಕ ತಪ್ಪಿದರೆ ಹೋರಿ, ಇಡೀ ಸಮೂಹ ತಪ್ಪಿದರೂ ಹೋರಿ, ಅಧಿಪತಿಗೆ ಹೋತ, ಸಾಮಾನ್ಯನಿಗೆ ಹೆಣ್ಣು ಆಡು ಇಲ್ಲವೆ ಕುರಿ. ಮುಂದಿನ ಅಧ್ಯಾಯ ಬಡವನಿಗೆ ಎರಡು ಪಾರಿವಾಳ, ಅದಕ್ಕೂ ಗತಿಯಿಲ್ಲದವನಿಗೆ ಒಂದಿಷ್ಟು ಹಿಟ್ಟು ಸಾಕೆನ್ನುತ್ತದೆ. ಸ್ಥಾನ ಹೆಚ್ಚಿದಂತೆ ಹೊಣೆಯೂ ಹೆಚ್ಚು. ಕ್ಷಮೆ ಮಾತ್ರ ಎಲ್ಲರ ಕೈಗೂ ಎಟುಕಬೇಕು. ಈ ಕಾಳಜಿಯೇ ಆ ವಿಧಿಯ ದೊಡ್ಡ ಗುಣ. ಪವಿತ್ರ ವಸ್ತುಗಳ ವಿಷಯದಲ್ಲಿ ತಿಳಿಯದೆ ತಪ್ಪಿದವನು ಬಲಿಯ ಜೊತೆಗೆ ನಷ್ಟವನ್ನೂ ತುಂಬಿ, ಅದರ ಐದನೇ ಒಂದು ಪಾಲು ಸೇರಿಸಿ ಕೊಡಬೇಕಿತ್ತು.

ಕ್ರಿಸ್ತನ ಮರಣದೊಂದಿಗೆ ಪ್ರಾಣಿಬಲಿ ಮುಗಿಯಿತೆಂದು ಕ್ರೈಸ್ತರು ನಂಬುತ್ತಾರೆ. ತಾವೇನು ಮಾಡುತ್ತಿದ್ದೇವೆಂದು ಅರಿಯದವರಿಗಾಗಿ ಆತ ಶಿಲುಬೆಯ ಮೇಲಿಂದಲೇ ಕ್ಷಮೆ ಬೇಡಿದನೆಂದು ಲೂಕ ಬರೆಯುತ್ತಾನೆ. ಕಥೋಲಿಕರ ಬಲಿಪೂಜೆಯ ಆರಂಭದ ಪಾಪನಿವೇದನೆಯಲ್ಲಿ, ಮಾಡಬೇಕಾದದ್ದನ್ನು ಮಾಡದೆ ಬಿಟ್ಟ ಪಾಪವೂ ಸೇರಿದೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರದ ಪರಿಷ್ಕರಣೆಯಲ್ಲಿ ಬಂದ ಸೇರ್ಪಡೆ ಅದು, ಬಹಳ ಬೆಲೆಯುಳ್ಳದ್ದು. ಆದರೆ ಎಲ್ಲರೂ ಒಟ್ಟಿಗೆ ಹೇಳುವ ಮಾತಿನಲ್ಲಿ ಯಾರ ತಪ್ಪೂ ಎದ್ದು ಕಾಣುವುದಿಲ್ಲ. ತನ್ನ ದೋಷ ತನಗೇ ತಿಳಿಯದವನಿಗೆ ಅದರಿಂದ ನಿಜವಾದ ಆಸರೆ ಸಿಗುತ್ತದೆ. ತಿಳಿಯಲು ಮನಸ್ಸಿಲ್ಲದವನೂ ಅದೇ ಮರೆಯಲ್ಲಿ ನಿಲ್ಲಬಹುದು. ಸತ್ಯ ತಿಳಿಯಲು ಕಾಳಜಿ ವಹಿಸದವನ ಅಜ್ಞಾನ ಅವನನ್ನು ಹೊಣೆಯಿಂದ ಬಿಡಿಸದೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ.

ಅತ್ತಿಬೆಲೆಯಂಥ ಕಾರ್ಖಾನೆ ಊರಿನಲ್ಲಿ ಈ ವ್ಯತ್ಯಾಸಕ್ಕೆ ಜೀವದ ಬೆಲೆಯಿದೆ. ಪ್ರೊಡಕ್ಷನ್ ಹೆಚ್ಚಲೆಂದು ಪ್ರೆಸ್ ಯಂತ್ರದ ಗಾರ್ಡ್ ಬಿಚ್ಚಿಟ್ಟಿರುತ್ತಾರೆ. ಸೂಪರ್‌ವೈಸರ್ ಆ ಕಡೆ ತಿರುಗುವುದಿಲ್ಲ. ಬೆರಳು ಹೋಗುವುದು ಗುತ್ತಿಗೆ ಹುಡುಗನದು. ಕೇಡು ಬಯಸಿದವರು ಯಾರೂ ಇಲ್ಲ. 2023ರ ಅಕ್ಟೋಬರ್ 7ರಂದು ಇದೇ ಊರಿನ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ದುಡಿಯಲು ಬಂದಿದ್ದ ತಮಿಳುನಾಡಿನ ಹುಡುಗರೇ ಅವರಲ್ಲಿ ಹೆಚ್ಚು. ಅಲ್ಲಿ ತಪ್ಪು ಯಾರದೆಂದು ತೀರ್ಮಾನಿಸುವುದು ಕೋರ್ಟಿನ ಕೆಲಸ. ಅಪಾಯ ಇದೆಯೇ ಎಂದು ವಿಚಾರಿಸುವ ಹೊಣೆ ಮಾತ್ರ ಕೆಲಸ ಕೊಡುವ, ಮಾಡಿಸುವ ಪ್ರತಿಯೊಬ್ಬ ವಿಶ್ವಾಸಿಯ ಮೇಲೂ ಇದೆ.

ಆತ್ಮಿಕ ಸಿದ್ಧತೆಯ ಬೋಧನೆ ಸೊರಗುವುದೂ ಈ ಹೊಣೆಯ ವಿಷಯದಲ್ಲಿಯೇ. ಕರ್ತನ ಬರೋಣಕ್ಕೆ ಸಿದ್ಧರಾಗಿರಿ ಎಂಬ ಕರೆ ಬಹಳ ಸಲ ಉಪವಾಸ, ಪ್ರಾರ್ಥನೆಗಳಲ್ಲೇ ನಿಂತುಬಿಡುತ್ತದೆ. ಲೂಕನ 12ನೇ ಅಧ್ಯಾಯದಲ್ಲಿ ಯಜಮಾನ ಮೆಚ್ಚುವ ಮನೆವಾರ್ತೆಯವನು ಜೊತೆಯ ಆಳುಗಳಿಗೆ ಹೊತ್ತುಹೊತ್ತಿಗೆ ಊಟ ಅಳೆದುಕೊಟ್ಟವನು. ಯಜಮಾನನ ಇಷ್ಟ ತಿಳಿದೂ ತಪ್ಪಿದ ಆಳಿಗೆ ಹೆಚ್ಚು ಪೆಟ್ಟು, ತಿಳಿಯದವನಿಗೆ ಕಡಿಮೆ. ಕಡಿಮೆಯಾದರೂ ಪೆಟ್ಟು ತಪ್ಪುವುದಿಲ್ಲ.

ಬೋಧನೆಯ ಈ ಕೊರತೆಯನ್ನು ಸರಿಪಡಿಸಲು ಹೊಸ ವಿಧಿ ಬೇಕಿಲ್ಲ. 1973ರಲ್ಲಿ ಪರಿಷ್ಕೃತವಾದ ಪಾಪಸಂಕೀರ್ತನೆಯ ವಿಧಿ, ಪ್ರಾಯಶ್ಚಿತ್ತ ತಪ್ಪಿಗೆ ತಕ್ಕಂತಿರಬೇಕು, ಅದು ಪರಸೇವೆಯೂ ಆಗಬಹುದು ಎನ್ನುತ್ತದೆ. ಅದರಂತೆ ಗಾರ್ಡ್ ಬಿಚ್ಚಿದ್ದನ್ನು ನೋಡದೆ ಹೋದವನಿಗೆ ಮೂರು ನಮೋ ಮರಿಯೆ ಹೇಳಿಸಿ ಕಳಿಸಿದರೆ ಸಾಲದು. ಗಾರ್ಡ್ ಮತ್ತೆ ಹಾಕಿಸುವುದನ್ನೂ, ಗಾಯಗೊಂಡ ಹುಡುಗನ ಪರಿಹಾರದ ಅರ್ಜಿಗೆ ಓಡಾಡುವುದನ್ನೂ ಪ್ರಾಯಶ್ಚಿತ್ತವಾಗಿ ವಿಧಿಸಬಹುದು.